ಎತ್ತಿಗೆ ಸೋಮವಾರ, ಆಳಿಗೆ ಯಾವ ವಾರ?

ಮಾರ್ಚ್ ತಿಂಗಳು ಮುಗೀತಾ ಬಂದಂಗೆ ಉಪದೇಶ ಶುರುವಾಗುತ್ತದೆ. ಮಧ್ಯಾಹ್ನದ ಹೊತ್ತು ಹೊರಗೆ ಹೋಗಬೇಡಿ, ನೆರಳಲ್ಲಿ ಕೂತುಕೊಳ್ಳಿ, ಮಜ್ಜಿಗೆ ಕುಡಿಯಿರಿ, ಅವಸರ ಬಿಡಿ, ಮೈಗೆ ವಿಶ್ರಾಂತಿ ಕೊಡಿ. ಪತ್ರಿಕೆಯವರು ಹೇಳುತ್ತಾರೆ, ಆರೋಗ್ಯ ಇಲಾಖೆಯವರು ಹೇಳುತ್ತಾರೆ. ಮಾತು ಸುಳ್ಳಲ್ಲ. ಬಿಸಿಲುಗಾಲದಲ್ಲಿ ಮನುಷ್ಯ ನಿಧಾನವಾಗಬೇಕು, ದಣಿದ ಮೈ ನೆರಳು ಕಾಣಬೇಕು ಅನ್ನೋದು ಡಾಕ್ಟರಿಗೂ ಗೊತ್ತು, ನಮ್ಮ ಕೇರಿಯ ಮುದುಕಿಯರಿಗೂ ಗೊತ್ತು. ಆ ಮಾತಿನ ಮೇಲೆ ನಮಗೆ ತಕರಾರಿಲ್ಲ. ಅದನ್ನು ಯಾರಿಗೆ ಹೇಳುತ್ತಿದ್ದೀರಿ ಅನ್ನೋದು ನಮ್ಮ ಪ್ರಶ್ನೆ. ದಿನಗೂಲಿ ನಂಬಿದ ಹೆಂಗಸು ಹನ್ನೆರಡು ಗಂಟೆಗೆ ಕುಡಗೋಲು ಕೆಳಗಿಟ್ಟು ನೆಳ್ಳಿಗೆ ಹೋದರೆ ಉಳಿದ ಅರ್ಧ ದಿನದ ಕೂಲಿ ಯಾರು ಕೊಡ್ತಾರೆ?

ವಿಶ್ರಾಂತಿಗೂ ಒಂದು ಚರಿತ್ರೆ ಇದೆ. ನಾವು ಶಾಲೆ ಕಾಲೇಜುಗಳಲ್ಲಿ ಓದಿದ ಚರಿತ್ರೆಯಲ್ಲಿ ಯುದ್ಧ ಇತ್ತು, ಕೋಟೆ ಇತ್ತು, ದಾನ ದತ್ತಿ ಇತ್ತು. ಯಾರು ಮಲಗಿದರು, ಅವರು ಮಲಗಿದಾಗ ಯಾರು ಎದ್ದು ನಿಂತು ಗಾಳಿ ಬೀಸಿದರು ಅನ್ನೋದು ಇರಲಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಆ ಚರಿತ್ರೆಯನ್ನು ಒಂದಿಷ್ಟು ಕೆದಕಿ ನೋಡೋಣ ಅಂತ ಈ ಬರಹ.

ನಾಲ್ಕೂ ಈಗ ದಾವಣಗೆರೆ ಜಿಲ್ಲೆಯವು. 1997ರ ಆಗಸ್ಟ್ 15ರಂದು ಈ ಜಿಲ್ಲೆ ಆಗೋದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕು ಆದದ್ದು 2018ರಲ್ಲಿ. ಚನ್ನಗಿರಿಯಲ್ಲಿ ಸೂಳೆಕೆರೆ ಇದೆ, ಭದ್ರಾ ನಾಲೆ ಇದೆ, ಅಡಿಕೆ ತೋಟ ಇದೆ. ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ ಹರಿಯುತ್ತಾಳೆ. ನ್ಯಾಮತಿ ಕಡೆ ಗುಡ್ಡದಂಚಿನ ತಾಂಡಾಗಳು. ಜಗಳೂರು ಬರದ ಸೀಮೆ. ಒಂದೇ ಜಿಲ್ಲೆ, ಒಂದೇ ಸೂರ್ಯ. ಆದರೆ ಒಂದೊಂದು ಕಡೆ ಬೇಸಿಗೆ ಒಂದೊಂದು ಥರ, ಒಂದೊಂದು ಜಾತಿಗೆ ಒಂದೊಂದು ಥರ.

1

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡೋದಿಲ್ಲ. ಅದು ಬಸವಣ್ಣನ ವಾರ. ಎಂಥ ಬಿತ್ತನೆಯ ಹದ ಇದ್ದರೂ ಸೋಮವಾರ ಹೂಡಿದವನನ್ನು ಊರು ಬೈಯುತ್ತಿತ್ತು. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹೋಳಿಗೆ ತಿನ್ನಿಸಿ ಮೆರವಣಿಗೆ ಮಾಡುತ್ತಾರೆ. ಇದನ್ನು ನಾವು ಗೇಲಿ ಮಾಡೋದಿಲ್ಲ. ದುಡಿಯುವ ಪ್ರಾಣಿಗೆ ಬಿಡುವು ಬೇಕು ಅನ್ನೋ ಅರಿವು ಒಕ್ಕಲುತನದಲ್ಲಿ ಇತ್ತಲ್ಲ, ಅದು ದೊಡ್ಡ ಅರಿವು. ಹೊಲವನ್ನೂ ಹಾಗೇ ನೋಡಿಕೊಂಡರು. ಸುಗ್ಗಿ ಮುಗಿದ ಮೇಲೆ ಮಾಗಿ ಉಳುಮೆ ಮಾಡಿ, ಮಣ್ಣನ್ನು ಬಿಸಿಲಿಗೆ ಬಿಟ್ಟು, ಮಳೆ ಬರೋ ತನಕ ಮುಟ್ಟಲಿಲ್ಲ. ಮಣ್ಣು ದಣಿದಿದೆ, ಅದು ಉಸಿರಾಡಲಿ ಅಂದರು.

ಹಾಗಾದರೆ ಆ ಎತ್ತು ಹೊಡೆದವನು? ಅವನಿಗೆ ಸೋಮವಾರ ಎಲ್ಲಿತ್ತು? ಎತ್ತು ನೆರಳಲ್ಲಿ ಮೆಲುಕು ಹಾಕುವ ದಿನ ಜೀತದಾಳು ಅದರ ಮೈ ತೊಳೆಯಬೇಕು, ಕೊಟ್ಟಿಗೆಯ ಗಂಜಳ ಬಳಿಯಬೇಕು, ಗೌಡರ ಮನೆಗೆ ಸೌದೆ ಸೀಳಬೇಕು, ಮೇವು ಹೊರಬೇಕು. ನೊಗಕ್ಕೆ ರಜೆ ಸಿಕ್ಕಿತು, ಆಳಿಗೆ ಸಿಗಲಿಲ್ಲ. ಎತ್ತು ಸತ್ತರೆ ಒಡೆಯನ ಗಂಟು ಹೋಗುತ್ತೆ. ಆಳು ಸತ್ತರೆ ಅವನ ಮಗ ಬರುತ್ತಾನೆ, ಸಾಲ ಹಾಗೇ ಇರುತ್ತೆ. ಲೆಕ್ಕ ಇಷ್ಟೇ.

ಜೀತದ ವರ್ಷ ಬಹಳ ಊರುಗಳಲ್ಲಿ ಯುಗಾದಿಯಿಂದ ಯುಗಾದಿಗೆ. ಯುಗಾದಿ ಅಂದರೆ ಬೇಸಿಗೆಯ ಬಾಗಿಲು. ಊರು ಬೇವು ಬೆಲ್ಲ ತಿಂದು ಹೊನ್ನಾರು ಕಟ್ಟುವ ಹೊತ್ತಿಗೆ ಕೇರಿಯ ಹುಡುಗನೊಬ್ಬನ ಮುಂದಿನ ಹನ್ನೆರಡು ತಿಂಗಳು ಮಾರಾಟವಾಗಿರುತ್ತಿತ್ತು. ಆಳಿಗೆ ಎರಡು ಸುಗ್ಗಿಯ ಮಧ್ಯೆ ಒಂದು ಖಾಲಿ ಕಾಲ ಅಂತ ಇರಲೇ ಇಲ್ಲ. ಒಂದು ಜೀತ ಮುಗಿದ ಬೆಳಿಗ್ಗೆಯೇ ಇನ್ನೊಂದು ಜೀತ.

ಇದಕ್ಕೆ ಶಾಸ್ತ್ರದ ಬೆಂಬಲವೂ ಇತ್ತು. ಮನುಸ್ಮೃತಿಯಲ್ಲಿ 'ಅನಧ್ಯಯನ' ಅಂತ ಉದ್ದನೆಯ ಪಟ್ಟಿ ಇದೆ. ಅಮಾವಾಸ್ಯೆ ಬಂದರೆ ವೇದಪಾಠ ನಿಲ್ಲಿಸಬೇಕು, ಹುಣ್ಣಿಮೆಗೆ ನಿಲ್ಲಿಸಬೇಕು, ಗುಡುಗು ಬಂದರೆ ನಿಲ್ಲಿಸಬೇಕು, ದೂಳು ಎದ್ದರೆ ನಿಲ್ಲಿಸಬೇಕು. ಓದುವವನ ನಾಲಿಗೆಗೆ ಇಷ್ಟು ರಜೆ. ಅದೇ ಗ್ರಂಥ ಶೂದ್ರನಿಗೆ ಒಂದೇ ಕೆಲಸ ಕೊಟ್ಟಿದೆ: ಮೇಲಿನ ಮೂರು ವರ್ಣದವರ ಸೇವೆ. ಆ ಸೇವೆಯನ್ನು ಯಾವ ದಿನ ನಿಲ್ಲಿಸಬೇಕು ಅಂತ ಅಂಥ ಒಂದು ಪಟ್ಟಿ ಅಲ್ಲಿಲ್ಲ. ವರ್ಣದ ಹೊರಗೇ ಇಟ್ಟ ನಮ್ಮ ಮಾತಂತೂ ಬೇಡ. ರಜೆ ಅನ್ನೋದು ಕೂಡ ಜಾತಿಯಾಗಿ ಹುಟ್ಟಿತು.

ಹನ್ನೆರಡನೇ ಶತಮಾನದ ಶರಣರು ಕಾಯಕ ಅಂದಾಗ ಎಲ್ಲರೂ ದುಡಿಯಬೇಕು ಅಂದರು. ಕೂತು ತಿನ್ನುವವರ ವಿರುದ್ಧ ಎತ್ತಿದ ಮಾತು ಅದು. ಆದರೆ ಆಮೇಲೆ ಏನಾಯಿತು? ಕೂತು ತಿನ್ನುವವರೇ ಆ ಮಾತನ್ನು ಕೈಗೆ ತೆಗೆದುಕೊಂಡು ಆಳಿಗೆ ಬೋಧಿಸತೊಡಗಿದರು. ಆಳು ಅರೆಗಳಿಗೆ ಬೇವಿನ ಮರದಡಿ ಒರಗಿದರೆ ಸೋಮಾರಿ. ಒಡೆಯ ಜಗಲಿ ಮೇಲೆ ಮಧ್ಯಾಹ್ನ ಪೂರ್ತಿ ನಿದ್ದೆ ಹೊಡೆದರೆ ವಿಶ್ರಾಂತಿ. ಒಂದೇ ಕೆಲಸಕ್ಕೆ ಎರಡು ಹೆಸರು.

2

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋದವರು ಅಲ್ಲಿನ ಪುಷ್ಕರಣಿ ನೋಡಿಯೇ ಬರುತ್ತಾರೆ. 16ನೇ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ್ದು ಅನ್ನುತ್ತಾರೆ. ನಾಲ್ಕು ಕಡೆ ಕಲ್ಲಿನ ಮೆಟ್ಟಿಲು, ನಡುವೆ ನೀರು, ನೀರಿನ ನಡುವೆ ವಸಂತ ಮಂಟಪ. ಹೆಸರೇ ಹೇಳುತ್ತೆ ನೋಡಿ, ವಸಂತ ಮಂಟಪ. ಬಿಸಿಲು ಏರುವ ಕಾಲಕ್ಕೆ ಸುತ್ತ ನೀರಿನ ತಂಪು, ತಲೆ ಮೇಲೆ ಗೋಪುರದ ನೆರಳು. ಬೇಸಿಗೆಯ ವಿಶ್ರಾಂತಿಗೆ ನಮ್ಮ ಸೀಮೆಯಲ್ಲಿ ಕಲ್ಲಿನಲ್ಲಿ ಕಟ್ಟಿದ ಗುರುತು ಇದ್ದರೆ ಇದೇ.

ಚಂದ ಇದೆ, ಇಲ್ಲ ಅನ್ನೋದಿಲ್ಲ. ಆದರೆ ಆ ಗುಂಡಿ ತೋಡಿದವರು ಯಾರು, ಚಪ್ಪಡಿ ಎಳೆದವರು ಯಾರು? ಕೆರೆ ಕೊಳ ತೋಡುವ ಕೆಲಸ ಯಾವಾಗ ಮಾಡುತ್ತಾರೆ? ಮಳೆಗಾಲದಲ್ಲಿ ಮಾಡಲಿಕ್ಕೆ ಆಗೋದಿಲ್ಲ. ನೆಲ ಒಣಗಿರಬೇಕು, ನೀರು ಬತ್ತಿರಬೇಕು. ಅಂದರೆ ಬೇಸಿಗೆಯಲ್ಲೇ ಮಾಡಬೇಕು. ನಾಯಕನ ಬೇಸಿಗೆ ತಂಪಾಗಬೇಕಾದರೆ ಎಷ್ಟೋ ಜನರ ಎಷ್ಟೋ ಬೇಸಿಗೆ ಬೆಂದಿರಬೇಕು. ಕಟ್ಟಿಸಿದವನ ಹೆಸರು ಉಳಿದಿದೆ, ಕಟ್ಟಿದವರ ಹೆಸರು ಒಂದೂ ಉಳಿದಿಲ್ಲ.

ಸೂಳೆಕೆರೆಯ ಮಾತೂ ಹಾಗೇ. ಎರಡು ಗುಡ್ಡದ ನಡುವಿನ ಕಿರಿದಾದ ಸಂದನ್ನು ಏರಿ ಹಾಕಿ ಮುಚ್ಚಿ ಅಷ್ಟು ದೊಡ್ಡ ನೀರು ನಿಲ್ಲಿಸಿದ್ದಾರೆ. ರಾಜಕುಮಾರಿ ಶಾಂತವ್ವ ಕಟ್ಟಿಸಿದಳು ಅಂತ ಐತಿಹ್ಯ. ಆ ಜಾಗ ಸೂಳೆಯರದ್ದಾಗಿತ್ತು, ತಮ್ಮ ಹೆಸರಿಡಬೇಕು ಅನ್ನೋ ಕರಾರಿನ ಮೇಲೆ ಬಿಟ್ಟುಕೊಟ್ಟರು ಅಂತಲೂ ಕಥೆ ಇದೆ. ಈಗ ಮರ್ಯಾದಸ್ಥರು ಅದಕ್ಕೆ ಶಾಂತಿಸಾಗರ ಅನ್ನುತ್ತಾರೆ. ಜಾಗ ಕೊಟ್ಟವರ ಹೆಸರನ್ನೂ ತೊಳೆದು ಹಾಕಿದರು. ಮಣ್ಣು ಹೊತ್ತವರಿಗಂತೂ ತೊಳೆಯೋದಕ್ಕೂ ಹೆಸರು ಇರಲಿಲ್ಲ.

ಕೆರೆ ಕಟ್ಟಿದ ಮೇಲೂ ಕೆಲಸ ಮುಗಿಯಲಿಲ್ಲ. ಪ್ರತಿ ಬೇಸಿಗೆ ಊರ ಕೆರೆಗಳ ಹೂಳು ಎತ್ತಬೇಕು, ಏರಿ ಭದ್ರ ಮಾಡಬೇಕು. ನೀರು ಯಾರ ಗದ್ದೆಗೆ ಹೋಗುತ್ತಿತ್ತು, ಹೂಳು ಯಾರ ತಲೆ ಮೇಲೆ ಬರುತ್ತಿತ್ತು ಅನ್ನೋದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೂಬು ಕಾಯುವ ನೀರುಗಂಟಿ ನಮ್ಮವನೇ, ಆದರೆ ಆ ನೀರನ್ನು ಊರ ಬಾವಿಯಿಂದ ಸೇದುವ ಹಕ್ಕು ಅವನಿಗಿಲ್ಲ.

ಬೇಸಿಗೆ ಬಿಡುವಿನ ಕಾಲ ಅನ್ನುತ್ತಾರಲ್ಲ, ಕೇರಿಯ ಬೇಸಿಗೆಯನ್ನು ಒಂದು ಸಲ ಎಣಿಸಿ ನೋಡೋಣ. ಮೇವು ನೀರು ಇಲ್ಲದೆ ದನ ಸಾಯೋದು ಬೇಸಿಗೆಯಲ್ಲಿ. ಸತ್ತ ದನ ಎಳೆಯುವವರು ಯಾರು? ತೋಟಕ್ಕೆ ಕಪಿಲೆ ಹೊಡೆಯೋದು ಬೇಸಿಗೆಯಲ್ಲಿ. ಕಪಿಲೆಯ ತೊಗಲಿನ ಬಾನಿ ಹೊಲಿಯುವವರು, ಹರಿದರೆ ರಾತ್ರೋರಾತ್ರಿ ಹಾಸು ಹಾಕಿ ಕೊಡುವವರು ಯಾರು? ಮುಂಗಾರಿಗೆ ಮುಂಚೆ ಮಿಣಿ, ಬಾರುಕೋಲು, ಚಪ್ಪಲಿ ಎಲ್ಲ ಸಿದ್ಧ ಆಗಬೇಕು. ಮದುವೆಗಳು ಬೇಸಿಗೆಯಲ್ಲಿ, ಜಾತ್ರೆ ತೇರು ಬೇಸಿಗೆಯಲ್ಲಿ. ಊರು ಹೊಸ ಬಟ್ಟೆ ಹಾಕಿ ಹಬ್ಬ ಮಾಡುವಾಗ ಹಗಲೂ ರಾತ್ರಿ ಹಲಗೆ ಬಡಿಯುವವರು, ಚಪ್ಪರದ ಸೊಪ್ಪು ತರುವವರು, ಬೀದಿ ಗುಡಿಸುವವರು ಯಾರು? ಊರಿನ ಬಿಡುವೇ ಕೇರಿಯ ಬಿಟ್ಟಿಗೆ ಸುಗ್ಗಿ. ತೋಟಿ, ತಳವಾರ ಮುಂತಾದ ವಂಶಪಾರಂಪರ್ಯದ ಚಾಕರಿಗಳನ್ನು 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ ತೆಗೆದು ಹಾಕಿತು, ಅದು ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಿಂದ. ಕಾಗದದ ಮೇಲೆ ಚಾಕರಿ ಹೋಯಿತು. ಹಲಗೆ ಮಾತ್ರ ಬಹಳ ವರ್ಷ ಹೆಗಲಿಂದ ಇಳಿಯಲಿಲ್ಲ.

3

ಇಂಗ್ಲಿಷರು ಬಂದ ಮೇಲೆ ಬೇಸಿಗೆಯ ವಿಶ್ರಾಂತಿ ಸರ್ಕಾರಿ ವ್ಯವಸ್ಥೆಯೇ ಆಯಿತು. 1864ರಿಂದ ಸಿಮ್ಲಾ ಇಡೀ ದೇಶದ ಬೇಸಿಗೆ ರಾಜಧಾನಿ. ಮದರಾಸಿನ ಸರ್ಕಾರ ಬೇಸಿಗೆಗೆ ಊಟಿ ಹತ್ತುತ್ತಿತ್ತು. ಮೈಸೂರನ್ನು ಆಳಿದ ಕಮಿಷನರ್ ಮಾರ್ಕ್ ಕಬ್ಬನ್ ನಂದಿ ಬೆಟ್ಟದ ಮೇಲೆ ಬಂಗಲೆ ಮಾಡಿಕೊಂಡ. ಮೈಸೂರು ಮಹಾರಾಜರಿಗೂ ಊಟಿಯಲ್ಲಿ ಫರ್ನ್‌ಹಿಲ್ಸ್ ಅರಮನೆ ಬಂತು. ದೊರೆಗಳು ಬೆಟ್ಟ ಹತ್ತಿದರು ಅಂತ ಬರೀತಾರೆ. ದೊರೆಗಳ ಪೆಟ್ಟಿಗೆ, ಪಿಯಾನೊ, ಪಲ್ಲಕ್ಕಿ ಹೊತ್ತು ಹತ್ತಿದವರು ಕೂಲಿಗಳು.

ಬೆಟ್ಟಕ್ಕೆ ಹೋಗಲಾರದ ಸಾಹೇಬರಿಗೆ ಕಚೇರಿಯಲ್ಲೇ ಪಂಖಾ. ಮಾಡಿಗೆ ತೂಗುಬಿಟ್ಟ ದೊಡ್ಡ ಬಟ್ಟೆಯ ಪಂಖಾಕ್ಕೆ ಹಗ್ಗ, ಗೋಡೆಯಾಚೆ ಕೂತು ಆ ಹಗ್ಗ ಎಳೆಯುವವನೊಬ್ಬ. ಕೈ ಸೋತರೆ ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಎಳೆಯಬೇಕು. ಬಾಗಿಲಿಗೆ ಲಾವಂಚದ ತಟ್ಟಿ, ಅದಕ್ಕೆ ಬಿಸಿಲಲ್ಲಿ ನಿಂತು ನೀರು ಎರಚುವವನು ಇನ್ನೊಬ್ಬ. ಒಬ್ಬನ ತಂಪು ಇನ್ನೊಬ್ಬನ ಬೆವರಿಂದ ಬರುತ್ತೆ ಅನ್ನೋದಕ್ಕೆ ಇದಕ್ಕಿಂತ ನೇರವಾದ ಯಂತ್ರ ಬೇಕೆ? ನ್ಯಾಯಾಲಯಗಳ ಬೇಸಿಗೆ ರಜೆ ಆ ಕಾಲದಿಂದ ಬಂದದ್ದು, ನಮ್ಮ ಹೈಕೋರ್ಟಿಗೆ ಇವತ್ತಿಗೂ ಇದೆ. ನ್ಯಾಯಮೂರ್ತಿಗಳು ದಣಿಯುತ್ತಾರೆ, ವಿಶ್ರಾಂತಿ ಬೇಕು. ಒಪ್ಪೋಣ. ಜಮೀನಿನ ದಾವೆ ಹಾಕಿ ಕಾಯುತ್ತಿರುವವನು ಆ ರಜೆಯಲ್ಲಿ ಏನು ಮಾಡುತ್ತಾನೆ ಅಂದರೆ, ಇನ್ನೊಬ್ಬರ ಜಮೀನಿನಲ್ಲಿ ದುಡಿಯುತ್ತಾನೆ.

1876ರಲ್ಲಿ ಮಳೆ ಕೈಕೊಟ್ಟಿತು. ನಮ್ಮ ಹಿರಿಯರು ಧಾತು ಈಶ್ವರದ ಬರ ಅನ್ನುತ್ತಿದ್ದುದು ಇದನ್ನೇ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50,55,412 ಜನ ಇದ್ದರು. ಹತ್ತು ವರ್ಷ ಬಿಟ್ಟು 1881ರಲ್ಲಿ ಎಣಿಸಿದಾಗ 41,86,188. ಜಗಳೂರು ಸೀಮೆಗೆ ತಾಗಿಕೊಂಡಿದ್ದ ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಅಲ್ಲಿ 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಬರ ಕಾಮಗಾರಿಯ ಕೂಲಿಯನ್ನು ಕಡಿದು ಹಾಕಿದ. ದಿನವಿಡೀ ಕಲ್ಲು ಒಡೆದ, ಮಣ್ಣು ಹೊತ್ತ ಗಂಡಾಳಿಗೆ ಒಂದು ಪೌಂಡು ಧಾನ್ಯ ಮತ್ತು ಒಂದಿಷ್ಟು ಚಿಲ್ಲರೆ ಕಾಸು. ಇಷ್ಟರಲ್ಲಿ ಮನುಷ್ಯ ಬದುಕೋದಿಲ್ಲ ಅಂತ ಪ್ರಾಂತ್ಯದ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಜಗಳ ತೆಗೆದ. ಹಸಿದವನಿಗೆ ಪುಗಸಟ್ಟೆ ಕೊಟ್ಟರೆ ಸೋಮಾರಿಯಾಗುತ್ತಾನೆ ಅನ್ನೋದು ಆಡಳಿತದ ಭಯ. ಸಾಯುವ ಹೊತ್ತಿನಲ್ಲೂ ಬಡವ ಬಿಸಿಲಲ್ಲಿ ದುಡಿದು ತೋರಿಸಿದರೆ ಮಾತ್ರ ಗಂಜಿ. ಈ ಭಯ ಇಂಗ್ಲಿಷರ ಜೊತೆ ಹಡಗು ಹತ್ತಿ ಹೋಗಲಿಲ್ಲ.

ನ್ಯಾಮತಿಯ ಕಥೆ ಸ್ವಲ್ಪ ಬೇರೆ. ಆ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಗುರು ಸಂತ ಸೇವಾಲಾಲರ ಜನ್ಮಸ್ಥಳ. 1739ರ ಫೆಬ್ರವರಿ 15 ಅವರ ಹುಟ್ಟಿದ ದಿನ ಅಂತ ಪ್ರತಿ ವರ್ಷ ಅಲ್ಲಿ ದೊಡ್ಡ ಜಾತ್ರೆ ಸೇರುತ್ತದೆ. ಬಂಜಾರರು ಎತ್ತಿನ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ತಿರುಗಿದವರು. 1791-92ರಲ್ಲಿ ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸ್‌ನ ಸೈನ್ಯ ಹೊಟ್ಟೆ ಹೊರೆದದ್ದು ಬಂಜಾರರು ತಂದ ದವಸದಿಂದ. ಅವರ ವಿಶ್ರಾಂತಿ ಮಳೆಗಾಲದಲ್ಲಿ. ದಾರಿ ಕೆಸರಾದಾಗ ತಾಂಡಾ ಒಂದು ಕಡೆ ನಿಲ್ಲುತ್ತಿತ್ತು, ದಾರಿ ಒಣಗಿದ ಮೇಲೆ ನಡೆಯುತ್ತಿತ್ತು. ಅಂದರೆ ಬಿಡುವಿಗೆ ಒಂದೇ ಪಂಚಾಂಗ ಇಲ್ಲ, ಕೆಲಸ ಹ್ಯಾಗೋ ಬಿಡುವು ಹಾಗೆ. ರಸ್ತೆ, ರೈಲು ಬಂದು ಆ ಕಸುಬು ಮುರೀತು. 1871ರಲ್ಲಿ ಅಪರಾಧಿ ಬುಡಕಟ್ಟು ಕಾಯ್ದೆ ಬಂದು ಅಲೆಯುವುದೇ ಒಂದು ಗುಮಾನಿಯಾಯಿತು. ಕೂತರೆ ಸೋಮಾರಿ, ನಡೆದರೆ ಕಳ್ಳ. ಇವತ್ತು ಅದೇ ತಾಂಡಾಗಳ ಜನ ಸುಗ್ಗಿ ಮುಗಿದ ಮೇಲೆ ಮಕ್ಕಳು ಮರಿ ಕಟ್ಟಿಕೊಂಡು ಮಲೆನಾಡಿನ ಕಾಫಿ ತೋಟಕ್ಕೆ, ಕಬ್ಬು ಕಡಿಯೋದಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ನಡಿಗೆ ಉಳೀತು, ಸರಕು ಅವರದಾಗಿ ಉಳೀಲಿಲ್ಲ.

4

ಭದ್ರಾ ಅಣೆಕಟ್ಟಿನ ಕೆಲಸ ಶುರುವಾದದ್ದು 1947ರಲ್ಲಿ. 1960ರ ದಶಕದಲ್ಲಿ ಬಲದಂಡೆ ನಾಲೆಯ ನೀರು ನಮ್ಮ ಸೀಮೆಯ ಗದ್ದೆಗಳಿಗೆ ಹರಿಯಿತು. ಹಸಿರು ಬಂತು, ಹಣ ಬಂತು, ದಾವಣಗೆರೆಯ ಅಕ್ಕಿ ಗಿರಣಿಗಳು ಎದ್ದವು. ನೀರು ಬೇಡ ಅನ್ನುವ ಮೂರ್ಖರು ನಾವಲ್ಲ. ಆದರೆ ನೀರಿನ ಜೊತೆ ಬೇಸಿಗೆ ಬೆಳೆಯೂ ಬಂತು. ಜನವರಿ-ಫೆಬ್ರವರಿಯಲ್ಲಿ ನಾಟಿ, ಮಾರ್ಚಿಯಲ್ಲಿ ಕಳೆ, ಏಪ್ರಿಲ್-ಮೇ ತಿಂಗಳಲ್ಲಿ ಕೊಯ್ಲು. ಹಿಂದೆ ಮಣ್ಣಿಗೆ ಸಿಗುತ್ತಿದ್ದ ಬಿಡುವೂ ಹೋಯಿತು. ಜಮೀನು ಇದ್ದವರಿಗೆ ಎರಡು ಬೆಳೆ, ಜಮೀನು ಇಲ್ಲದ ಹೆಂಗಸಿಗೆ ಎರಡು ಸಲ ಬೆನ್ನು ಬಗ್ಗಿಸುವ ಕೆಲಸ. ಕಾದ ನೀರಲ್ಲಿ ಕಾಲು, ಬಿಸಿಲಿಗೆ ಬೆನ್ನು. ಗುತ್ತಿಗೆ ನಾಟಿಯಲ್ಲಿ ಒಬ್ಬಳು ನೆಟ್ಟಗೆ ನಿಂತು ಸೊಂಟ ಹಿಡಿದುಕೊಂಡರೆ ಇಡೀ ಗುಂಪಿನ ಕೂಲಿ ತಡವಾಗುತ್ತೆ. ಅದಕ್ಕೆ ಅವಳನ್ನು ಗದರಿಸಲಿಕ್ಕೆ ಒಡೆಯನೇ ಬೇಕಾಗಿಲ್ಲ, ಪಕ್ಕದವಳೇ ಗದರುತ್ತಾಳೆ. ವ್ಯವಸ್ಥೆ ಹೀಗೆ ನಮ್ಮ ಕೈಯಲ್ಲೇ ನಮಗೆ ಬಾರುಕೋಲು ಕೊಡುತ್ತೆ.

ಈಗ ಕೊಯ್ಲಿಗೆ ಯಂತ್ರ ಬಂದಿದೆ. ಬಿಸಿಲಲ್ಲಿ ಕುಡಗೋಲು ಹಿಡಿಯುವ ಕಷ್ಟ ತಪ್ಪಿತು ಅಂತ ಸಂತೋಷ ಪಡಬೇಕಿತ್ತು. ಆದರೆ ಯಂತ್ರ ಉಳಿಸಿದ ಸಮಯ ಯಾರದ್ದಾಯಿತು? ಜಮೀನ್ದಾರನದ್ದು. ಕೂಲಿಯವಳಿಗೆ ಸಿಕ್ಕಿದ್ದು ಕೆಲಸ ಇಲ್ಲದ ದಿನ.

ಅಡಿಕೆ ತೋಟದಲ್ಲೂ ಹಾಗೇ. ಅಡಿಕೆಗೆ ಬೇಸಿಗೆಯಲ್ಲಿ ನೀರು ತಪ್ಪಬಾರದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಸಾರಿತು. ಮುಂದಿನ ಬೇಸಿಗೆಯಲ್ಲಿ ಚನ್ನಗಿರಿ ಕಡೆ ಟ್ಯಾಂಕರಿನಲ್ಲಿ ನೀರು ತಂದು ಅಡಿಕೆ ಮರ ಉಳಿಸಿಕೊಂಡರು. ಮರ ಒಣಗಬಾರದು, ನಿಜ. ಮರದ ಬುಡಕ್ಕೆ ಪೈಪು ಹಿಡಿದು ನಿಂತವನು ಒಣಗಿದರೆ ಅದು ಯಾವ ಲೆಕ್ಕಕ್ಕೆ?

ಜಗಳೂರಿನ ಕಡೆ ತಿರುಗಿದರೆ ಚಿತ್ರ ತಿರುಗುಮುರುಗು. ಅಲ್ಲಿ ಮಳೆ ನಂಬಿದ ಹೊಲ. ಜೋಳ, ಶೇಂಗಾ, ಈಗ ಮೆಕ್ಕೆಜೋಳ. ಕೊಯ್ಲು ಆದ ಮೇಲೆ ಮುಂಗಾರಿನ ತನಕ ಕೆಲಸವೇ ಇಲ್ಲ. ದಾರೀಲಿ ಹೋಗುವವರು ಅರಳೀಕಟ್ಟೆ ಮೇಲೆ ಕೂತವರನ್ನು ನೋಡಿ, ಹಳ್ಳಿ ಜನ ಎಷ್ಟು ಆರಾಮಾಗಿದ್ದಾರೆ ಅನ್ನುತ್ತಾರೆ. ಕೆಲಸ ಸಿಗದೆ ಕೂತದ್ದಕ್ಕೆ ವಿಶ್ರಾಂತಿ ಅನ್ನಬಾರದು. ಹಸಿದ ಹೊಟ್ಟೆಯ ಬಿಡುವು ಇನ್ನಷ್ಟು ದಣಿಸುತ್ತೆ. ವಿಶ್ರಾಂತಿ ಅಂದರೆ ನಾಳೆಯ ಊಟ ಗೊತ್ತಿದ್ದು ಇವತ್ತು ಕಣ್ಣು ಮುಚ್ಚೋದು. ಚನ್ನಗಿರಿಯ ಕೂಲಿಗೆ ದುಡಿತದಿಂದ ಬಿಡುವಿಲ್ಲ, ಜಗಳೂರಿನ ಕೂಲಿಗೆ ಚಿಂತೆಯಿಂದ ಬಿಡುವಿಲ್ಲ. ಎರಡರ ಬೇರೂ ಒಂದೇ: ನೆಲ, ನೀರು ನಮ್ಮ ಕೈಲಿಲ್ಲ.

5

ನಮ್ಮ ಸೋಮವಾರವನ್ನು ಮೊದಲು ಕೇಳಿದವರು ಯಾರು? 1886ರ ಮೇ 1ರಂದು ಅಮೆರಿಕದ ಕೂಲಿಕಾರರು ಎಂಟು ಗಂಟೆ ಕೆಲಸ, ಎಂಟು ಗಂಟೆ ನಿದ್ದೆ, ಎಂಟು ಗಂಟೆ ನಮ್ಮದು ಅಂತ ಬೀದಿಗಿಳಿದರು. ನಮ್ಮ ದೇಶದಲ್ಲಿ ಮೊದಲ ಮೇ ದಿನ ಆಚರಿಸಿದ್ದು 1923ರಲ್ಲಿ ಮದರಾಸಿನಲ್ಲಿ, ಸಿಂಗಾರವೇಲು ಚೆಟ್ಟಿಯಾರ್. ಬಾಬಾಸಾಹೇಬ್ ಅಂಬೇಡ್ಕರ್ 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ಕಾರ್ಖಾನೆ ಕಾರ್ಮಿಕರಿಗೆ ಸಂಬಳ ಸಹಿತ ರಜೆ ಬಂದದ್ದು, ವಾರದ ದುಡಿತ 54 ಗಂಟೆಯಿಂದ 48 ಗಂಟೆಗೆ ಇಳಿದದ್ದು ಆ ಕಾಲದಲ್ಲಿ.

ಬರೀ ಕಾನೂನಲ್ಲ, ಬಿಡುವಿನ ತತ್ವವನ್ನೂ ಅವರು ಹೇಳಿದರು. 1945ರಲ್ಲಿ ಗಾಂಧಿವಾದವನ್ನು ವಿಮರ್ಶಿಸುತ್ತ ಅವರು ಎತ್ತಿದ ವಾದ ನಾವೆಲ್ಲ ಮತ್ತೆ ಮತ್ತೆ ನೆನೆಯಬೇಕಾದ್ದು. ಪಶುವಿಗೆ ಹೊಟ್ಟೆ ತುಂಬಿದರೆ ಸಾಕು. ಮನುಷ್ಯನಿಗೆ ಮನಸ್ಸಿನ ಬದುಕೂ ಬೇಕು. ಆ ಬದುಕಿಗೆ ಬಿಡುವು ಬೇಕು. ಬಿಡುವು ಇಲ್ಲದವನಿಗೆ ಸಂಸ್ಕೃತಿ ಇಲ್ಲ. ಯಂತ್ರ ಮನುಷ್ಯನ ದುಡಿತ ಕಡಿಮೆ ಮಾಡಬಲ್ಲದು. ಯಂತ್ರದಿಂದ ಕೆಡುಕಾದರೆ ತಪ್ಪು ಯಂತ್ರದ್ದಲ್ಲ, ಅದರ ಲಾಭವನ್ನು ಕೆಲವರ ಪಾಲು ಮಾಡಿದ ಸಮಾಜದ್ದು. ಭತ್ತ ಕೊಯ್ಯುವ ಯಂತ್ರದ ಮುಂದೆ ನಿಂತು ಈ ಮಾತು ನೆನೆಸಿಕೊಂಡರೆ ಇವತ್ತು ಬೆಳಿಗ್ಗೆ ಹೇಳಿದಂಗಿದೆ.

ಸಂವಿಧಾನದ 43ನೇ ವಿಧಿ ಓದಿ ನೋಡಿ. ಒಕ್ಕಲುತನದ ಕೂಲಿ, ಕಾರ್ಖಾನೆಯ ಕೂಲಿ, ಬೇರೆ ಯಾವ ಕೂಲಿಯೇ ಆಗಲಿ, ಬದುಕಲು ಸಾಕಾಗುವ ಕೂಲಿಯ ಜೊತೆಗೆ ಬಿಡುವನ್ನು ಪೂರ್ತಿಯಾಗಿ ಅನುಭವಿಸುವ ಅವಕಾಶವನ್ನೂ ರಾಜ್ಯ ಒದಗಿಸಲು ಯತ್ನಿಸಬೇಕು ಅಂತ ಅಲ್ಲಿದೆ. ಬಿಡುವು ಅನ್ನೋ ಪದ ನಮ್ಮ ಸಂವಿಧಾನದಲ್ಲೇ ಇದೆ, ಗೆಳೆಯರೇ. ಆದರೆ ಇರೋದು ನಿರ್ದೇಶಕ ತತ್ವಗಳಲ್ಲಿ, ಕೋರ್ಟಿಗೆ ಹೋಗಿ ಕೇಳುವ ಹಾಗಿಲ್ಲ. ಜೀತ ಹೋಗಲಿಕ್ಕೂ 1975ರ ಸುಗ್ರೀವಾಜ್ಞೆ, 1976ರ ಕಾಯ್ದೆ ಬರಬೇಕಾಯಿತು. ಆ ಕಾಯ್ದೆಯನ್ನು ಊರಿಗೆ ತಂದವರು ತಾಲ್ಲೂಕು ಕಚೇರಿಯವರಿಗಿಂತ ಹೆಚ್ಚಾಗಿ ಸಂಘಟನೆಯ ಹುಡುಗರು. ದಲಿತ ಸಂಘರ್ಷ ಸಮಿತಿ ಕಟ್ಟಿದ ಬಿ. ಕೃಷ್ಣಪ್ಪನವರು ಹುಟ್ಟಿದ್ದು ನಮ್ಮ ಪಕ್ಕದ ಹರಿಹರದಲ್ಲಿ, ಪಾಠ ಹೇಳಿದ್ದು ಭದ್ರಾವತಿಯಲ್ಲಿ.

2005ರಲ್ಲಿ ಉದ್ಯೋಗ ಖಾತರಿ ಕಾಯ್ದೆ ಬಂತು. 2006ರ ಫೆಬ್ರವರಿ 2ರಂದು ಅದು ಮೊದಲು ಜಾರಿಯಾದ ಕರ್ನಾಟಕದ ಐದು ಜಿಲ್ಲೆಗಳಲ್ಲಿ ದಾವಣಗೆರೆಯೂ ಒಂದು. ಕೆಲಸದ ಜಾಗದಲ್ಲಿ ಕುಡಿಯುವ ನೀರು, ಮಕ್ಕಳಿಗೆ ಮತ್ತು ವಿಶ್ರಾಂತಿಯ ವೇಳೆಗೆ ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು ಅಂತ ಆ ಕಾಯ್ದೆಯಲ್ಲಿ ಬರೆದಿತ್ತು. ಕೂಲಿಯ ನೆರಳು ಕಾನೂನಿನ ಪುಸ್ತಕಕ್ಕೆ ಬಂದದ್ದು ಸಣ್ಣ ಮಾತಲ್ಲ. ಆದರೆ ಕೂಲಿ ಕೊಟ್ಟದ್ದು ಅಗೆದ ಮಣ್ಣಿನ ಅಳತೆಯ ಮೇಲೆ. 2024-25ರಲ್ಲಿ ಕರ್ನಾಟಕದ ದಿನಗೂಲಿ 349 ರೂಪಾಯಿ. ಬೇಸಿಗೆಯಲ್ಲಿ ಸುಣ್ಣಕಲ್ಲಿನಂತಾದ ನೆಲವನ್ನು ಅಳತೆಗೆ ತಕ್ಕಷ್ಟು ಅಗೆಯದಿದ್ದರೆ ಅಷ್ಟೂ ಸಿಗೋದಿಲ್ಲ. ಅಳತೆ ಬೆನ್ನ ಹಿಂದೆ ನಿಂತಿರುವಾಗ ನೆರಳಿದ್ದರೂ ಯಾರು ಕೂರುತ್ತಾರೆ? 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾಯ್ದೆಯ ಜಾಗಕ್ಕೆ ಬೇರೊಂದನ್ನು ತಂದಿತು. 100 ದಿನ 125 ಆಯಿತು. ಬಿತ್ತನೆ, ಕೊಯ್ಲಿನ ಕಾಲದಲ್ಲಿ 60 ದಿನ ಕಾಮಗಾರಿ ನಿಲ್ಲಿಸಬೇಕು ಅನ್ನೋದೂ ಸೇರಿತು. ಅಂದರೆ ಕಾಮಗಾರಿ ಇನ್ನಷ್ಟು ಬೇಸಿಗೆಯ ನೆತ್ತಿ ಮೇಲೇ ಬಂದು ಬೀಳುತ್ತೆ.

ಬಿಸಿಲಿಗೆ ಹೊಂದಿಕೊಳ್ಳೋದು ಸರ್ಕಾರಕ್ಕೆ ಗೊತ್ತಿಲ್ಲ ಅಂತಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್-ಮೇ ಬಂದರೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವಂತೆ ಆದೇಶ ಹೊರಡಿಸುತ್ತಾ ಬಂದಿದೆ. ಫ್ಯಾನಿನ ಕೆಳಗೆ ಕೂತವರ ಸಂಬಳ ಇದರಿಂದ ಒಂದು ಪೈಸೆ ಕಡಿತ ಆಗೋದಿಲ್ಲ. ಆಗಲೂ ಬಾರದು. ಬಿಸಿಲಲ್ಲಿ ನಿಂತವರಿಗೆ ಇದೇ ನ್ಯಾಯ ಯಾಕಿಲ್ಲ? ಪಕ್ಕದ ಕೇರಳದಲ್ಲಿ ಬೇಸಿಗೆ ತಿಂಗಳುಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಬಯಲಲ್ಲಿ ಕೆಲಸ ಮಾಡಿಸಬಾರದು ಅಂತ ಕಾರ್ಮಿಕ ಇಲಾಖೆ ಆದೇಶ ಮಾಡುತ್ತದೆ. ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿ ಸಾವಿರಾರು ಗಟ್ಟಿಮುಟ್ಟಾದ ಯುವಕರು ಮೂತ್ರಪಿಂಡ ಕೆಟ್ಟು ಸತ್ತರು. ಕಾರಣ ಹುಡುಕಿದವರು ಬಿಸಿಲಲ್ಲಿನ ಬಿಡುವಿಲ್ಲದ ದುಡಿತದ ಕಡೆ ಬೆರಳು ತೋರಿಸಿದರು. ಬೆವರಾಗಿ ಹೋದ ನೀರು ಮರಳಿ ಬಾರದೆ, ಮೈಯ ಕಾವು ಇಳಿಯದೆ, ದಿನಾ ದಿನಾ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತೆ. ಅಲ್ಲಿ ಕೊಟ್ಟ ಔಷಧಿ ಮೂರೇ: ನೀರು, ನೆರಳು, ಬಿಡುವು. ನಮ್ಮ ಮುದುಕಿಯರ ಔಷಧಿಯೂ ಅದೇ.

6

ಬಿಡುವಿನ ಬೆಲೆ ಏನು ಅಂತ ಕೇಳುವವರಿಗೆ ಒಂದು ಮಾತು. ಕದ್ದು ಮುಚ್ಚಿ ಸಿಕ್ಕ ಚೂರು ಚೂರು ಬಿಡುವಿನಲ್ಲೇ ನಮ್ಮವರು ಏನೆಲ್ಲ ಮಾಡಿದರು ನೋಡಿ. ಬೇಸಿಗೆಯ ಬೆಳದಿಂಗಳಲ್ಲಿ ಕಥೆ ಕಟ್ಟಿದರು, ಹಾಡು ಕಟ್ಟಿದರು, ಬಯಲಾಟದ ತಾಲೀಮು ಮಾಡಿದರು, ಹಲಗೆಯ ಗತ್ತುಗಳನ್ನು ಮಕ್ಕಳಿಗೆ ಕಲಿಸಿದರು, ಮಳೆಗೆ ಮುಂಚೆ ಗುಡಿಸಲಿಗೆ ಹೊಸ ಸೋಗೆ ಹೊದಿಸಿದರು. ಹೋರಾಟವೂ ಬೇಸಿಗೆಯದೇ. ಮಹಾಡಿನ ಚೌದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಮುಟ್ಟಿದ್ದು 1927ರ ಮಾರ್ಚ್ 20ರಂದು. ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು 1951ರ ಏಪ್ರಿಲ್ 18ರಂದು. ಏಪ್ರಿಲ್ 14 ಬೇಸಿಗೆಯಲ್ಲಿ, ಮೇ 1 ಬೇಸಿಗೆಯಲ್ಲಿ. ಸಂಘಟನೆಯ ಅಧ್ಯಯನ ಶಿಬಿರಗಳು ಕಾಲೇಜಿಗೆ ರಜೆ ಬಿಟ್ಟ ಮೇಲೆ. ಮನುಷ್ಯ ಸ್ವಲ್ಪ ಹೊತ್ತು ಕೂತರೆ ಪಕ್ಕದವನ ಜೊತೆ ಮಾತಾಡುತ್ತಾನೆ, ಮಾತಾಡಿದರೆ ಯೋಚಿಸುತ್ತಾನೆ, ಯೋಚಿಸಿದರೆ ಪ್ರಶ್ನೆ ಕೇಳುತ್ತಾನೆ. ಆಳಿಗೆ ಬಿಡುವು ಕೊಡಬಾರದು ಅನ್ನೋದಕ್ಕೆ ಇದೂ ಒಂದು ಕಾರಣ ಇದ್ದಿರಬೇಕು.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ವಿನಂತಿ. ನಿಮಗೆ ಬೇಸಿಗೆ ರಜೆ ಇದೆ, ಅದು ನಿಮ್ಮ ಹಕ್ಕು. ನಿಮ್ಮ ಶಾಲೆಯ ಕೇರಿ ಮಕ್ಕಳು, ತಾಂಡಾ ಮಕ್ಕಳು ಆ ರಜೆಯಲ್ಲಿ ಎಲ್ಲಿರುತ್ತಾರೆ ಅಂತ ಒಂದು ಪಟ್ಟಿ ಮಾಡಿ. ಇಟ್ಟಿಗೆ ಭಟ್ಟಿಯಲ್ಲೋ, ಕುರಿ ಹಿಂದೋ, ತೋಟದಲ್ಲೋ. 2024ರ ಬೇಸಿಗೆ ರಜೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕಾಯಿತು. ರಜೆ ಅಂದರೆ ಒಂದು ಹೊತ್ತಿನ ಊಟ ತಪ್ಪೋದು ಅನ್ನುವ ಮಕ್ಕಳು ನಮ್ಮ ತಾಲ್ಲೂಕುಗಳಲ್ಲಿ ಇದ್ದಾರೆ ಅಂತ ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು.

ಬೇಡಿಕೆ ಸರಳ. ಬೇಸಿಗೆಯ ಮೂರು ತಿಂಗಳು ಹೊಲ, ತೋಟ, ಕಾಮಗಾರಿ ಎಲ್ಲ ಕಡೆ ಬೆಳಗಿನ ತಂಪಲ್ಲಿ ಕೆಲಸ, ಹನ್ನೊಂದಕ್ಕೆ ಬಿಡುಗಡೆ, ಪೂರ್ತಿ ದಿನದ ಕೂಲಿ. ಕಾಮಗಾರಿಯಲ್ಲಿ ಮಣ್ಣಿನ ಅಳತೆ ಬಿಸಿಲಿಗೆ ತಕ್ಕಂತೆ ಇಳಿಯಬೇಕು. ಉತ್ತರದ ಜಿಲ್ಲೆಗಳಲ್ಲಿ ಇಳಿಸಿದ್ದುಂಟು, ಜಗಳೂರಿನ ಸೂರ್ಯನೇನು ಬೇರೆಯವನಲ್ಲ. ನೀರು ಮತ್ತು ನೆರಳು ಇಲ್ಲದ ಜಾಗದಲ್ಲಿ ಕೆಲಸ ಶುರು ಮಾಡಬಾರದು. ಇದನ್ನು ಯುಗಾದಿಗೆ ಮುಂಚೆ ಪ್ರತಿ ಪಂಚಾಯಿತಿಯ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು, ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ನಗುವವರು ನಗುತ್ತಾರೆ. ನೆಳ್ಳಲ್ಲಿ ಕೂರೋಕೂ ಕೂಲಿ ಬೇಕೇನ್ರೋ ಅನ್ನುತ್ತಾರೆ. ಹೌದು, ಬೇಕು. ಎತ್ತಿಗೆ ಸೋಮವಾರವೂ ಮೇವು ಹಾಕಿದ್ದೀರಲ್ಲ, ಆ ಲೆಕ್ಕದಲ್ಲೇ ಕೇಳುತ್ತಿದ್ದೇವೆ.